ಕಾಗದದ ಒಕ್ಕಣೆ: ಬಿರುದು ಯಾರದು, ವಂದನೆ ಯಾರದು?



ಕೊಪ್ಪದಲ್ಲಿ ಒಂದು ಸಹಕಾರ ಸಂಘವಿದೆ, ಅದಕ್ಕೆ ಹೊಸ ಕಟ್ಟಡವಾಗಿದೆ, ಪ್ರಾರಂಭೋತ್ಸವದ ದಿನವೂ ಗೊತ್ತಾಗಿದೆ ಎಂದು ಇಟ್ಟುಕೊಳ್ಳಿ. ಸಂಘದ ಕಾರ್ಯದರ್ಶಿ ಆ ದಿನ ಬರೆಯಬೇಕಾದ ಕಾಗದಗಳ ಪಟ್ಟಿ ಮಾಡಿಕೊಂಡು ಕುಳಿತಿದ್ದಾರೆ. ಶೃಂಗೇರಿಗೆ ಒಂದು, ಹರಿಹರಪುರದ ಮಠಕ್ಕೆ ಒಂದು, ಬಾಳೆಹೊನ್ನೂರಿನ ರಂಭಾಪುರಿ ಪೀಠಕ್ಕೆ ಒಂದು, ನರಸಿಂಹರಾಜಪುರದ ಸಿಂಹನಗದ್ದೆ ಜೈನ ಮಠಕ್ಕೆ ಒಂದು. ಆಮೇಲೆ ಶಾಸಕರು, ಜಿಲ್ಲಾಧಿಕಾರಿಗಳು, ತಹಶೀಲ್ದಾರರು, ಮಸೀದಿ ಕಮಿಟಿಯ ಅಧ್ಯಕ್ಷರು, ಚರ್ಚಿನ ಫಾದರ್, ಜಾಗ ಕೊಟ್ಟ ಮನೆತನದ ಹಿರಿಯ ಹೆಂಗಸು, ಕಟ್ಟಡ ಕಟ್ಟಿದ ಮೇಸ್ತ್ರಿ. ವಿಷಯ ಎಲ್ಲದರಲ್ಲೂ ಒಂದೇ: ಇಂಥ ದಿನ, ಇಂಥ ಹೊತ್ತಿಗೆ ದಯಮಾಡಿಸಬೇಕು. ಮೂರು ಸಾಲಿನ ಆ ಒಡಲನ್ನು ಯಾರು ಬೇಕಾದರೂ ಬರೆದಾರು. ಕಾರ್ಯದರ್ಶಿಯ ಪೆನ್ನು ನಿಲ್ಲುವುದು ಮೊದಲ ಸಾಲಿನಲ್ಲಿ.

ಕಾಗದ ಬರೆಯುವ ಕ್ರಮಕ್ಕೆ, ಅದರಲ್ಲೂ ತಲೆಗಟ್ಟಿನ ಸಂಬೋಧನೆಗೆ, ಹಳಬರು ಬಳಸುತ್ತಿದ್ದ ಮಾತು ಒಕ್ಕಣೆ. ಒಕ್ಕಣೆ ತಪ್ಪಿದ ಕಾಗದವನ್ನು ಮುಂದೆ ಓದದೆ ಮಡಿಸಿಟ್ಟವರ ಕಥೆ ಮಲೆನಾಡಿನ ಮನೆಮನೆಯಲ್ಲೂ ಒಂದಾದರೂ ಇರುತ್ತದೆ. ಬಿರುದು ಕಡಮೆಯಾದರೆ ಉದ್ಧಟತನ, ಹೆಚ್ಚಾದರೆ ಲೇವಡಿ. ಎರಡಕ್ಕೂ ನಡುವೆ ಸರಿಯಾದ ಅಳತೆಯೊಂದಿದೆ ಎಂದು ಎಲ್ಲರೂ ನಂಬುತ್ತಾರೆ. ಅದು ಎಷ್ಟೆಂದು ಕೇಳಿದರೆ ಮಾತ್ರ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪುವುದಿಲ್ಲ.

ಈ ಅಳತೆಯನ್ನು ಲೆಕ್ಕಕ್ಕೆ ತರುವ ಪ್ರಯತ್ನ ಹಿಂದೆಯೇ ನಡೆದಿತ್ತು. ವರರುಚಿಯದೆಂದು ಹೇಳಲಾಗುವ ‘ಪತ್ರಕೌಮುದಿ’ ಎಂಬ ಸಂಸ್ಕೃತ ಗ್ರಂಥದಲ್ಲಿ ಯಾರಿಗೆ ಎಷ್ಟು ‘ಶ್ರೀ’ ಬರೆಯಬೇಕು ಎಂಬ ನಿಯಮವಿದೆ. ಗುರುವಿಗೆ ಆರು, ಒಡೆಯನಿಗೆ ಐದು, ಶತ್ರುವಿಗೆ ನಾಲ್ಕು, ಮಿತ್ರನಿಗೆ ಮೂರು, ಸೇವಕನಿಗೆ ಎರಡು, ಮಗನಿಗೂ ಹೆಂಡತಿಗೂ ಒಂದೊಂದು. ಮಿತ್ರನಿಗಿಂತ ಶತ್ರುವಿಗೆ ಒಂದು ಶ್ರೀ ಹೆಚ್ಚು! ನಗು ಬಂದರೂ ಇದರಲ್ಲಿ ಲೋಕಾನುಭವವಿದೆ. ಶ್ರೀಗಳ ಸಂಖ್ಯೆ ಪ್ರೀತಿಯನ್ನು ಅಳೆಯುವುದಿಲ್ಲ, ಅಂತರವನ್ನು ಅಳೆಯುತ್ತದೆ. ಹತ್ತಿರವಾದಷ್ಟೂ ಉಪಚಾರ ಕಡಮೆ, ದೂರವಾದಷ್ಟೂ ಹೆಚ್ಚು. ಮಠಾಧಿಪತಿಗಳ ಹೆಸರಿಗೆ ಸೇರುವ 108, 1008 ಎಂಬ ಅಂಕಿಗಳು ಈ ಎಣಿಕೆಯ ಮುಂದುವರಿಕೆ ಎನ್ನಬಹುದು. ಅಷ್ಟು ಸಲ ಶ್ರೀ ಬರೆಯುವುದಾದರೆ ಕಾಗದ ಸಾಲದು, ಆದುದರಿಂದ ಸಂಖ್ಯೆ ಬರೆದರೆ ಆಯಿತು.

ಕನ್ನಡದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾಗದ ಯಾವ ದಿಕ್ಕಿಗೆ ಹೋಗುತ್ತದೆ ಎಂಬುದರ ಮೇಲೆ ಅದರ ಹೆಸರೇ ಬದಲಾಗುತ್ತದೆ. ಕೆಳಗಿನವರು ಮೇಲಿನವರಿಗೆ ಬರೆದದ್ದು ಬಿನ್ನಹ, ಅರಿಕೆ, ಅರ್ಜಿ. ಅರಸ ಕೆಳಗಿನವರಿಗೆ ಬರೆದದ್ದು ನಿರೂಪ. ಸ್ವಾಮಿಗಳು ಶಿಷ್ಯರಿಗೆ ಬರೆದದ್ದು ಶ್ರೀಮುಖ. ಸ್ವಾಮಿಗಳು ಊರಿಗೆ ಬಂದಾಗ ಊರವರು ಓದಿ ಒಪ್ಪಿಸುವುದು ಬಿನ್ನವತ್ತಳೆ. ಸರಿಸಮಾನರ ನಡುವೆ ಓಡಾಡುವುದಷ್ಟೇ ಬರಿಯ ಕಾಗದ. ಮೇಲು ಕೀಳಿನ ಮೆಟ್ಟಿಲುಗಳು ಲಕೋಟೆ ಒಡೆಯುವ ಮೊದಲೇ ನಿಂತಿದ್ದವು.

ಶೃಂಗೇರಿಯ ವಿಷಯಕ್ಕೆ ಬರೋಣ. ಅಲ್ಲಿಯ ಜಗದ್ಗುರುಗಳ ಪೂರ್ಣ ಬಿರುದಾವಳಿಯನ್ನು ಒಂದೇ ಉಸಿರಿನಲ್ಲಿ ಹೇಳುವುದು ಅಭ್ಯಾಸವಿದ್ದವರಿಗೂ ಕಷ್ಟ. ‘ಶ್ರೀಮತ್ ಪರಮಹಂಸ ಪರಿವ್ರಾಜಕಾಚಾರ್ಯ’ ಎಂದು ಮೊದಲಾಗುವ ಅದು ಯೋಗದ ಎಂಟು ಅಂಗಗಳನ್ನೂ ಒಂದೇ ಸಮಾಸದಲ್ಲಿ ಹೆಣೆದು, ಗುರುಪರಂಪರೆಯನ್ನು ಹೇಳಿ, ‘ವ್ಯಾಖ್ಯಾನ ಸಿಂಹಾಸನಾಧೀಶ್ವರ’ ಎಂಬಲ್ಲಿಗೆ ಬಂದು, ಇನ್ನೂ ಮುಂದಕ್ಕೆ ಹೋಗುತ್ತದೆ. ಇದನ್ನು ಹೊಗಳಿಕೆಯ ಮಾಲೆ ಎಂದು ತಳ್ಳಿಬಿಡುವವರಿದ್ದಾರೆ. ನಿಧಾನವಾಗಿ ಬಿಡಿಸಿದರೆ ಅದು ಚರಿತ್ರೆಯ ಪಾಠ. ‘ಕರ್ಣಾಟಕ ಸಿಂಹಾಸನ ಪ್ರತಿಷ್ಠಾಪನಾಚಾರ್ಯ’ ಎಂಬ ಬಿರುದು ವಿಜಯನಗರದ ಸ್ಥಾಪನೆಯೊಡನೆ ಮಠಕ್ಕಿದ್ದ ಸಂಬಂಧವನ್ನು ನೆನಪಿಗೆ ತರುತ್ತದೆ. ಹರಿಹರನೂ ಅವನ ಸೋದರರೂ 1346ರಲ್ಲಿ ಶೃಂಗೇರಿಗೆ ಬಂದು ಭಾರತೀತೀರ್ಥರಿಗೆ ದತ್ತಿ ಬಿಟ್ಟ ಶಾಸನ ಅಲ್ಲಿಯೇ ಇದೆ. ‘ಋಷ್ಯಶೃಂಗಪುರವರಾಧೀಶ್ವರ’ ಎಂಬುದು ಸಮೀಪದ ಕಿಗ್ಗದ ಋಷ್ಯಶೃಂಗನನ್ನೂ ಊರಿನ ಹೆಸರನ್ನೂ ಹಿಡಿದಿಟ್ಟುಕೊಂಡಿದೆ. ಅಧೀಶ್ವರ ಎಂಬ ಮಾತು ಅಲಂಕಾರಕ್ಕಷ್ಟೇ ಬಂದದ್ದಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಶೃಂಗೇರಿ ಮಠದ ಜಹಗೀರಾಗಿತ್ತು. ಆ ಸೀಮೆಯ ರೈತನಿಗೆ ಗುರುವೂ ಅವರೇ, ಒಡೆಯರೂ ಅವರೇ.

ಈಗ ಬರೆಯುವ ಕಾಗದಕ್ಕೆ ಇಷ್ಟೂ ಬೇಕೆ? ಬೇಡ. ಇಷ್ಟೂ ಬರುವುದು ಶ್ರೀಮುಖದ ತಲೆಯಲ್ಲಿ, ಬಿನ್ನವತ್ತಳೆಯಲ್ಲಿ, ಸಭೆಯಲ್ಲಿ ಉದ್ಘೋಷಿಸುವಾಗ. ಉಳಿದ ಕಡೆ ಹೆಸರನ್ನು ಹಿಡಿದು ಕರೆಯದೆ ‘ಸನ್ನಿಧಾನ’ವನ್ನು ಸಂಬೋಧಿಸುವುದು ರೂಢಿ. ವ್ಯಕ್ತಿಗೆ ಬರೆಯುತ್ತಿಲ್ಲ, ಅವರ ಇರವಿಗೆ ಬರೆಯುತ್ತಿದ್ದೇವೆ ಎಂಬ ಭಾವ. 2015ರಲ್ಲಿ ಕಿರಿಯ ಗುರುಗಳು ಸಂನ್ಯಾಸ ಸ್ವೀಕರಿಸಿದ ಮೇಲೆ ಹಿರಿಯರು ‘ಮಹಾಸನ್ನಿಧಾನಂಗಳವರು’, ಕಿರಿಯರು ‘ಸನ್ನಿಧಾನಂಗಳವರು’. ಇದನ್ನು ಅದಲುಬದಲು ಮಾಡಿದರೆ ಮಾತ್ರ ನಿಜವಾದ ಪ್ರಮಾದ. ವಸತಿ, ರಶೀದಿ, ಜಮೀನಿನ ವಿಷಯವಾದರೆ ಗುರುಗಳಿಗೆ ಬರೆಯುವುದೇ ಸಲ್ಲದು. ಅದಕ್ಕೆ ಆಡಳಿತಾಧಿಕಾರಿಗಳಿದ್ದಾರೆ, ‘ಮಾನ್ಯರೇ’ ಎಂದರೆ ಸಾಕು.

ಬಿರುದು ಬರೆಯುವ ಕಷ್ಟದಲ್ಲಿ ಇನ್ನೊಂದು ಕಷ್ಟ ಅಡಗಿದೆ. ಶಿಷ್ಯನಾದವನು ಸಾಷ್ಟಾಂಗ ಪ್ರಣಾಮ ಎಂದು ಬರೆಯುತ್ತಾನೆ, ಸರಿ. ಆ ಮಠದ ಶಿಷ್ಯನಲ್ಲದವನು, ಆ ಮತವನ್ನೇ ಅನುಸರಿಸದವನು ಏನು ಬರೆಯಬೇಕು? ತನ್ನದಲ್ಲದ ಭಕ್ತಿಯನ್ನು ಕಾಗದಕ್ಕಾಗಿ ನಟಿಸಬೇಕೆ? ಬಿರುದು ಬರೆದರೆ ಆ ಪೀಠದ ಅಧಿಕಾರವನ್ನು ಒಪ್ಪಿಕೊಂಡಂತೆ ಆಗುವುದಿಲ್ಲವೆ? ಎನ್.ಆರ್. ಪುರ, ಕೊಪ್ಪ, ಶೃಂಗೇರಿಯಂಥ ಕಡೆ ಈ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ. ಬೆಳಿಗ್ಗೆ ಬಸ್ಸು ಹತ್ತಿದವರು ತುಂಗೆಯ ದಡದಲ್ಲಿ ಅದ್ವೈತ ಪೀಠವನ್ನೂ ಭದ್ರೆಯ ದಡದಲ್ಲಿ ವೀರಶೈವ ಪೀಠವನ್ನೂ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿಯನ್ನೂ ನೋಡಿ ಸಂಜೆಗೆ ಮನೆ ಸೇರಬಹುದಾದ ಸೀಮೆ ಇದು. ಇಲ್ಲಿ ಒಬ್ಬರು ಇನ್ನೊಬ್ಬರಿಗೆ ಕಾಗದ ಬರೆಯದೆ ಬದುಕು ಸಾಗದು.

ಉತ್ತರ ಶೃಂಗೇರಿಯ ಕಡತಗಳಲ್ಲಿಯೇ ಇದೆ. ಈಗ ಸರ್ಕಾರಿ ಕಚೇರಿಯ ಫೈಲಿಗೆ ಕಡತ ಎನ್ನುತ್ತಾರೆ. ಮೂಲದಲ್ಲಿ ಕಡತವೆಂದರೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ ಮಡಿಸಿದ ಬಟ್ಟೆ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಮೈಸೂರಿನ ಪ್ರಾಕ್ತನ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು 1916ರಲ್ಲಿ ಶೃಂಗೇರಿ ಮಠದ ದಾಖಲೆಗಳನ್ನು ಪರಿಶೀಲಿಸುವಾಗ ಟಿಪ್ಪು ಸುಲ್ತಾನನು ಮಠಕ್ಕೆ ಕಳಿಸಿದ ಸುಮಾರು 30 ಕನ್ನಡ ಪತ್ರಗಳು ಬೆಳಕಿಗೆ ಬಂದವು. (ಆಚಾರ್ಯರ ಹೆಸರಿಗೂ ‘ಪ್ರಾಕ್ತನವಿಮರ್ಶವಿಚಕ್ಷಣ’, ‘ರಾವ್ ಬಹದ್ದೂರ್’ ಎಂಬ ಬಿರುದುಗಳಿದ್ದವು. ಬಿರುದಿನ ಬೆಲೆ ಅವರಿಗೆ ಹೊಸದಲ್ಲ.)

ಪತ್ರಗಳ ಸಂದರ್ಭ ಕಠಿಣವಾದದ್ದು. ಮೂರನೆಯ ಮೈಸೂರು ಯುದ್ಧದ ಕಾಲ. 1791ರಲ್ಲಿ ಮರಾಠರ ಸೈನ್ಯಕ್ಕೆ ಸೇರಿದ ಕುದುರೆದಂಡೊಂದು ಶೃಂಗೇರಿಗೆ ನುಗ್ಗಿ ಸೂರೆ ಮಾಡಿತು, ಜನರನ್ನು ಕೊಂದಿತು, ಶಾರದೆಯ ವಿಗ್ರಹವನ್ನು ಸ್ಥಾನದಿಂದ ಕದಲಿಸಿತು. ಆಗಿನ ಗುರುಗಳು ಸಚ್ಚಿದಾನಂದ ಭಾರತೀ ಸ್ವಾಮಿಗಳು ಕಾರ್ಕಳಕ್ಕೆ ಹೋಗಿ ಅಲ್ಲಿಂದ ಸುಲ್ತಾನನಿಗೆ ಬರೆದರು. ನಗರದ ಆಸಫನ ಮೂಲಕ 200 ರಾಹತಿ ನಗದು, 200 ರಾಹತಿಯ ದವಸ ಕೊಡಿಸುವ ಆಜ್ಞೆ ಹೊರಟಿತು. ವಿಗ್ರಹದ ಪುನಃಪ್ರತಿಷ್ಠೆಗೆ ಏರ್ಪಾಡಾಯಿತು. ಟಿಪ್ಪುವಿನ ಹೆಸರೆತ್ತಿದರೆ ಈಗ ಎರಡು ಪಕ್ಷಗಳು ಎದ್ದು ನಿಲ್ಲುತ್ತವೆ. ಆ ವಾದ ಈ ಭಾಷಣದ ವಿಷಯವಲ್ಲ. ಇಲ್ಲಿ ಬೇಕಾದದ್ದು ಪತ್ರಗಳ ಒಕ್ಕಣೆ ಮಾತ್ರ.

ಅರಸ ತನ್ನ ಆಳ್ವಿಕೆಗೆ ಒಳಪಟ್ಟವರಿಗೆ ಬರೆಯುವ ನಿರೂಪದಲ್ಲಿ ಅರಸನ ಹೆಸರು ಮೊದಲು. ಈ ಪತ್ರಗಳಲ್ಲಿ ಸ್ವಾಮಿಗಳ ಹೆಸರು ಮೊದಲು, ಸುಲ್ತಾನನ ಹೆಸರು ಆಮೇಲೆ. ಸ್ವಾಮಿಗಳನ್ನು ಪರಮಹಂಸವೇ ಮೊದಲಾದ ಬಿರುದುಗಳುಳ್ಳವರೆಂದು ಅವರ ಸಂಪ್ರದಾಯದ ಮಾತಿನಲ್ಲಿಯೇ ಸಂಬೋಧಿಸಲಾಗಿದೆ. ಬರೆದವನು ಬಿರುದಾವಳಿಯನ್ನು ಪೂರ್ತಿ ಇಳಿಸಲಿಲ್ಲ, ‘ಮೊದಲಾದ’ ಎಂದು ಮುಗಿಸಿದ. ಯಾರೂ ಅದನ್ನು ಅಗೌರವವೆಂದು ತಿಳಿಯಲಿಲ್ಲ. ಪತ್ರದ ಒಡಲಿನಲ್ಲಿ ಜಗದ್ಗುರು ಎಂಬ ಮಾತೂ ಬರುತ್ತದೆ. ಇಷ್ಟೆಲ್ಲ ಬರೆದ ಮೇಲೆ ಸುಲ್ತಾನ ಸ್ವಾಮಿಗಳಿಗೆ ಹೇಳುವುದು ಪ್ರಣಾಮವಲ್ಲ, ದಂಡವತ್ತಲ್ಲ. ಸಲಾಂ.

ಈ ಒಂದು ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ಫಾರಸಿ ಬಲ್ಲ ಮುನ್ಷಿಗಳು ಪತ್ರದ ಆರಂಭದಲ್ಲಿ ಎರಡು ಭಾಗಗಳನ್ನು ಗುರುತಿಸುತ್ತಿದ್ದರು: ಅಲ್ಕಾಬ್, ಅಂದರೆ ಪಡೆಯುವವರ ಬಿರುದುಗಳು, ಆದಾಬ್, ಅಂದರೆ ಬರೆಯುವವರ ವಂದನೆ. ಎರಡೂ ಒಂದೇ ಸಾಲಿನಲ್ಲಿ ಬಂದರೂ ಒಡೆತನ ಬೇರೆ ಬೇರೆ. ಬಿರುದು ಪಡೆಯುವವರ ಸೊತ್ತು; ಅವರ ಪರಂಪರೆ ಅವರನ್ನು ಹೇಗೆ ಕರೆಯುತ್ತದೆಯೋ ಹಾಗೆ ಬರೆಯಬೇಕು, ಅದರಲ್ಲಿ ಬರೆಯುವವರ ಒಪ್ಪಿಗೆಯ ಪ್ರಶ್ನೆ ಇಲ್ಲ. ವಂದನೆ ಬರೆಯುವವರ ಸೊತ್ತು. ಅದು ಅವರ ನಾಲಿಗೆಯ, ಅವರ ಮನೆಯ ಮಾತಾಗಿರಬೇಕು. ಸುಲ್ತಾನ ಪ್ರಣಾಮವೆಂದು ಬರೆದಿದ್ದರೆ ಓದುವವರಿಗೆ ಅದು ಎರವಲಿನ ಮಾತು ಎನಿಸುತ್ತಿತ್ತು. ಸ್ವಾಮಿಗಳ ಬಿರುದನ್ನು ಬಿಟ್ಟು ಬರಿಯ ಹೆಸರು ಬರೆದಿದ್ದರೆ ಅದು ಅರಸನ ಗತ್ತಾಗುತ್ತಿತ್ತು. ಎರಡೂ ಆಗಲಿಲ್ಲ. ಅವನಿಗಿಂತ ಮೊದಲು ಈ ಸೀಮೆಯನ್ನು ಆಳಿದ ಕೆಳದಿಯ ನಾಯಕರೂ ವೀರಶೈವರು. ಅವರೂ ಅದ್ವೈತ ಮಠದೊಡನೆ ಪತ್ರವ್ಯವಹಾರ ಇಟ್ಟುಕೊಂಡಿದ್ದರು. ಪೀಠಗಳೂ ಅರಸರೂ ಹೀಗೆ ಬೇರೆಬೇರೆ ಮತದವರಾಗಿದ್ದಲ್ಲಿ ಕಾಗದದ ಮೊದಲ ಸಾಲು ನೆಮ್ಮದಿಯ ಮೊದಲ ಮೆಟ್ಟಿಲಾಗಿತ್ತು.

ಹಿಂದಿರುಗಿ ಬರುವ ಉತ್ತರದಲ್ಲೂ ಇದೇ ನ್ಯಾಯ. ಸಂನ್ಯಾಸಿಗಳು ಗೃಹಸ್ಥರಿಗೆ ನಮಸ್ಕಾರ ಬರೆಯುವುದಿಲ್ಲ. ಶೃಂಗೇರಿಯ ಶ್ರೀಮುಖದಲ್ಲಿ ಅದರ ಬದಲು ನಾರಾಯಣಸ್ಮರಣೆ ಇರುತ್ತದೆ: ಬಂದ ವಂದನೆಯನ್ನು ತಾವು ಇಟ್ಟುಕೊಳ್ಳದೆ ನಾರಾಯಣನಿಗೆ ಒಪ್ಪಿಸುವ ಕ್ರಮ. ಇದನ್ನರಿಯದೆ ‘ಒಂದು ನಮಸ್ಕಾರವನ್ನೂ ಬರೆದಿಲ್ಲ’ ಎಂದು ನೊಂದುಕೊಳ್ಳುವವರಿದ್ದಾರೆ. ಜೈನರಲ್ಲಿ ವಂದನೆಯ ಮಾತೇ ಮೆಟ್ಟಿಲು ಮೆಟ್ಟಿಲಾಗಿದೆ. ಮುನಿಗಳಿಗೆ ನಮೋಸ್ತು, ಆರ್ಯಿಕೆಯರಿಗೆ ವಂದಾಮಿ, ಕ್ಷುಲ್ಲಕರಿಗೆ ಇಚ್ಛಾಮಿ. ಸಿಂಹನಗದ್ದೆಯ ಭಟ್ಟಾರಕರ ಹೆಸರಿಗೆ ‘ಸ್ವಸ್ತಿಶ್ರೀ’ ಸೇರಬೇಕು, ‘ಭಟ್ಟಾರಕ’ ಎಂಬುದು ಬಿಡಬಾರದು. ಬಾಳೆಹೊನ್ನೂರಿನ ಜಗದ್ಗುರುಗಳಿಗೆ ‘ಶಿವಾಚಾರ್ಯ ಭಗವತ್ಪಾದರು’ ಎಂಬುದು ಸಲ್ಲುವ ಮಾತು. ಜೈನನಲ್ಲದ ಕಾರ್ಯದರ್ಶಿ ಭಟ್ಟಾರಕರಿಗೆ ಸ್ವಸ್ತಿಶ್ರೀ ಬರೆದು ‘ಭಕ್ತಿಪೂರ್ವಕ ನಮಸ್ಕಾರಗಳು’ ಎಂದರೆ ಏನೂ ಕೊರತೆಯಿಲ್ಲ.

ಮಾತುಗಳು ಮತದ ಗಡಿ ದಾಟಿ ನೆಲೆಯೂರುವುದೂ ಉಂಟು. ಘಟ್ಟದ ಕೆಳಗೆ ಧರ್ಮಸ್ಥಳದ ಹೆಗ್ಗಡೆಯವರನ್ನು ಜನ ‘ಖಾವಂದರು’ ಎನ್ನುತ್ತಾರೆ. ಮಂಜುನಾಥನ ಕ್ಷೇತ್ರದ ಜೈನ ಧರ್ಮಾಧಿಕಾರಿಗಳಿಗೆ ಒಡೆಯ ಎಂಬರ್ಥದ ಫಾರಸಿ ಮಾತು! ಈಗ ಅದನ್ನು ಬದಲಾಯಿಸಿ ಎಂದರೆ ಭಕ್ತರೇ ಒಪ್ಪಲಾರರು.

ಕಚೇರಿಯ ಕಾಗದದಲ್ಲಿ ಈ ನಾಜೂಕು ಕೆಟ್ಟಿತು. ಹುಜೂರು, ಮೆಹರ್ಬಾನ್, ರಾಜಮಾನ್ಯ ರಾಜಶ್ರೀಗಳ ಮೇಲೆ ಇಂಗ್ಲಿಷರ ಕಾಲದ ‘ತಮ್ಮ ಅತ್ಯಂತ ವಿಧೇಯ ಸೇವಕ’ ಬಂದು ಕುಳಿತಿತು. ಅಲ್ಲಿಯವರೆಗೆ ವಂದನೆ ಬರೆಯುವವರ ಸ್ವಂತದ್ದಾಗಿತ್ತು. ಈಗ ಅದೂ ಅಚ್ಚಿನ ಮಾತಾಯಿತು. ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದ 18ನೆಯ ವಿಧಿ ಸೈನಿಕ ಮತ್ತು ಶೈಕ್ಷಣಿಕ ಪದವಿಗಳ ಹೊರತು ಬೇರೆ ಬಿರುದುಗಳನ್ನು ಸರ್ಕಾರ ಕೊಡಕೂಡದೆಂದು ವಿಧಿಸಿತು. ಭಾರತರತ್ನ, ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಅವನ್ನು ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳಬಾರದು ಎಂದು ಸುಪ್ರೀಂ ಕೋರ್ಟು 1995ರ ಡಿಸೆಂಬರಿನಲ್ಲಿ ಹೇಳಿತು. ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವವರಿಗೆ ಈ ತೀರ್ಪು ಇನ್ನೂ ತಲುಪಿದಂತಿಲ್ಲ. 2006ರಲ್ಲಿ ಭಾರತೀಯ ವಕೀಲರ ಪರಿಷತ್ತು ‘ಮೈ ಲಾರ್ಡ್’ ಬಿಟ್ಟು ‘ಯುವರ್ ಆನರ್’ ಅಥವಾ ಘನ ನ್ಯಾಯಾಲಯ ಎನ್ನಬಹುದೆಂದಿತು. ಕೆಳಗಿನ ಕೋರ್ಟುಗಳಲ್ಲಿ ‘ಸರ್’ ಅಥವಾ ಅದಕ್ಕೆ ಸಮನಾದ ದೇಶಭಾಷೆಯ ಮಾತು ಸಾಕು. 2012ರಲ್ಲಿ ರಾಷ್ಟ್ರಪತಿ ಪ್ರಣವ್ ಮುಖರ್ಜಿ ದೇಶದೊಳಗಿನ ಸಮಾರಂಭಗಳಲ್ಲಿ ‘ಮಹಾಮಹಿಮ’ ಬೇಡವೆಂದರು. ಮೇಲಿನವರೇ ಬಿರುದು ಇಳಿಸುತ್ತಿರುವಾಗ ಕೆಳಗಿನ ಸಮಿತಿಗಳು ಏರಿಸುತ್ತಿವೆ. ಮಾನ್ಯ ಸಾಲದೆ ಸನ್ಮಾನ್ಯ, ಅದೂ ಸಾಲದೆ ಘನತೆವೆತ್ತ. ಗೌರವ ಡಾಕ್ಟರೇಟಿನ ‘ಡಾ.’ ಬಿಟ್ಟರೆ ಮುನಿಸು ಬೇರೆ.

ಏರಿಸಿದ ಬಿರುದು ಉಳಿಯುತ್ತದೆ ಎಂಬ ಖಾತರಿಯೂ ಇಲ್ಲ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ಗೌರವಾರ್ಥ 1915ರಲ್ಲಿ ಎಡೇಹಳ್ಳಿಗೆ ನರಸಿಂಹರಾಜಪುರ ಎಂಬ ಹೆಸರು ಬಂತು. ಬಸ್ಸಿನ ಬೋರ್ಡಿನ ಮೇಲೆ ಯುವರಾಜರು ಈಗ ಎರಡು ಇಂಗ್ಲಿಷ್ ಅಕ್ಷರವಾಗಿದ್ದಾರೆ.

ಬಿರುದು ಯಾರಿಗೆ ಹೆಚ್ಚು ಎಂಬ ಜಗಳದಲ್ಲಿ ಯಾರಿಗೆ ಏನೂ ಇರಲಿಲ್ಲ ಎಂಬುದು ಮರೆತುಹೋಗುತ್ತದೆ. ಲಗ್ನಪತ್ರಿಕೆಯಲ್ಲಿ ವರ ‘ಚಿ|| ರಾ||’, ವಧು ‘ಚಿ|| ಸೌ||’. ಗಂಡ ತೀರಿಕೊಂಡ ದಿನ ಹೆಂಗಸಿನ ಹೆಸರಿನಿಂದ ‘ಸೌ||’ ಬಿದ್ದುಹೋಗುತ್ತದೆ. ಹೆಂಡತಿ ತೀರಿಕೊಂಡರೆ ಗಂಡಸಿನ ‘ಶ್ರೀ’ಗೆ ಕೂದಲೂ ಕೊಂಕುವುದಿಲ್ಲ. ಜಾಗ ಕೊಟ್ಟ ಮನೆತನದ ಹಿರಿಯ ಹೆಂಗಸು ವಿಧವೆ ಎಂದು ನಮ್ಮ ಕಾರ್ಯದರ್ಶಿ ತಡವರಿಸುವುದು ಇಲ್ಲಿಯೇ. ತಡವರಿಸಬೇಕಾದ್ದಿಲ್ಲ. ‘ಶ್ರೀಮತಿ’ ಎಂದರೆ ‘ಶ್ರೀಮಾನ್’ ಎಂಬುದರ ಸ್ತ್ರೀಲಿಂಗ, ಅಷ್ಟೇ. ಗಂಡ ಇದ್ದಾನೆಯೇ ಇಲ್ಲವೇ, ಮದುವೆ ಆಗಿದೆಯೇ ಇಲ್ಲವೇ ಎಂಬ ವಿಚಾರಣೆ ಆ ಶಬ್ದದಲ್ಲಿ ಇಲ್ಲ. ಅದನ್ನು ನಾವು ತುಂಬಿದ್ದು.

ಹಳೆಯ ಗೇಣಿಚೀಟಿ, ಅಡಮಾನ ಪತ್ರಗಳನ್ನು ಬಿಚ್ಚಿ ನೋಡಿದವರಿಗೆ ಇನ್ನೊಂದು ಸಂಗತಿ ಕಾಣುತ್ತದೆ. ಬರೆಸಿಕೊಂಡವರಿಗೆ ಸಾಮಾನ್ಯವಾಗಿ ರಾಜಮಾನ್ಯವೋ ಮಹಾರಾಜಶ್ರೀಯೋ ಇರುತ್ತದೆ. ಬರೆದುಕೊಟ್ಟವನಿಗೆ ಬರಿಯ ಹೆಸರು, ‘ಬಿನ್’ ಎಂದು ತಂದೆಯ ಹೆಸರು, ಹೆಂಗಸಾದರೆ ‘ಕೋಂ’ ಎಂದು ಗಂಡನ ಹೆಸರು, ಜೊತೆಗೆ ಜಾತಿ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂದು, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದಾಗ, ಒಡೆಯನೂ ಒಕ್ಕಲೂ ಭೂ ನ್ಯಾಯಮಂಡಳಿಯ ಮುಂದೆ ಎರಡು ಕಕ್ಷಿಗಳಾಗಿ ನಿಂತರು. ಒಂದೇ ಹಾಳೆಯ ಮೇಲೆ ಎರಡು ಹೆಸರು, ಇಬ್ಬರಿಗೂ ನೋಟೀಸು. ಭೂಮಿ ಸಿಕ್ಕಿತೋ ಇಲ್ಲವೋ ಅದು ಬೇರೆ. ತಮ್ಮ ಹೆಸರಿಗೇ ಸರ್ಕಾರದ ಕಾಗದವೊಂದು ಮನೆಬಾಗಿಲಿಗೆ ಬಂದದ್ದು ಎಷ್ಟೋ ಮನೆಗಳಲ್ಲಿ ಅದೇ ಮೊದಲಾಗಿದ್ದೀತು.

ಕೊಪ್ಪದ ಕಾರ್ಯದರ್ಶಿಯ ಪಟ್ಟಿಗೆ ಮರಳಿದರೆ, ಕೆಲಸ ಈಗ ಅಷ್ಟು ಕಷ್ಟವಾಗಿ ಕಾಣುವುದಿಲ್ಲ. ಮಠಗಳಿಗೆ ಆಯಾ ಮಠದ ಬಿರುದು, ಕೆಳಗೆ ತಮ್ಮ ನಮಸ್ಕಾರ. ಮಸೀದಿ ಕಮಿಟಿಯವರಿಗೆ ‘ಜನಾಬ್’ ಎಂದು ಬರೆದು ನಮಸ್ಕಾರ ಎಂದರೆ ತಪ್ಪಲ್ಲ. ಬಾದಶಹನೇ ಸ್ವಾಮಿಗಳಿಗೆ ತನ್ನ ಸಲಾಂ ಬರೆದಿದ್ದ. ಫಾದರ್ ಅವರಿಗೆ ‘ವಂದನೀಯ’. ಶಾಸಕರಿಗೂ ಅಧಿಕಾರಿಗಳಿಗೂ ‘ಮಾನ್ಯರೇ’, ಕೊನೆಯಲ್ಲಿ ‘ತಮ್ಮ ವಿಶ್ವಾಸಿ’. ವಿಧೇಯ ಸೇವಕನನ್ನು ಕರೆಯಬೇಕಾಗಿಲ್ಲ.

ಉಳಿದದ್ದು ಮೇಸ್ತ್ರಿ. ಊರಿನಲ್ಲಿ ಎಲ್ಲರೂ ಅವನನ್ನು ಏಕವಚನದಲ್ಲಿ ಕೂಗುತ್ತಾರೆ, ಕಾರ್ಯದರ್ಶಿಯೂ ಕೂಗುತ್ತಾರೆ. ಕಾಗದ ಅಂಚೆಗೆ ಹೋಗುವುದಿಲ್ಲ, ಜವಾನ ಸೈಕಲ್ಲಿನಲ್ಲಿ ಹೋಗಿ ಕೊಟ್ಟು ಬರುತ್ತಾನೆ. ಆದರೂ ಲಕೋಟೆಯ ಮೇಲೆ ‘ಶ್ರೀ’, ಪೂರ್ತಿ ಹೆಸರು, ‘ಅವರಿಗೆ’, ಒಳಗೆ ‘ಮಾನ್ಯರೇ’. ಪೂರ್ತಿ ಹೆಸರನ್ನು ಮಾತ್ರ ಮೊದಲು ಯಾರನ್ನಾದರೂ ವಿಚಾರಿಸಿಕೊಳ್ಳಬೇಕು. ಸಂಘದ ಲೆಕ್ಕದ ಪುಸ್ತಕದಲ್ಲಿ ‘ಮೇಸ್ತ್ರಿ ಬಾಬ್ತು’ ಎಂದಷ್ಟೇ ಇದೆ.